ಐವತ್ತರ ಪಟ್ಟಿಯಲ್ಲಿ ವಾಲಗವಿಲ್ಲ

2020ರ ಮಾರ್ಚ್ 22, ಭಾನುವಾರ. ಸಂಜೆ ಐದು ಗಂಟೆ. ನೀವೀಗ ಮಂಡ್ಯ ಸೀಮೆಯ ಒಂದು ತಾಲ್ಲೂಕು ಪಟ್ಟಣದ ಹಿಂದಿನ ಬೀದಿಯಲ್ಲಿದ್ದೀರಿ. ಊರಿನ ಹೆಸರು ಬೇಡ, ಹಳೆ ಮೈಸೂರಿನ ಯಾವ ಊರಾದರೂ ಆದೀತು. ಬೆಳಗಿನಿಂದ ನರಪಿಳ್ಳೆ ಕಾಣದ ಬೀದಿ ಒಮ್ಮೆಲೇ ಎದ್ದು ಕೂತಿದೆ. ಮಹಡಿ ಮೇಲೆ ಸ್ಟೀಲ್ ತಟ್ಟೆ, ಎದುರು ಮನೆಯಲ್ಲಿ ಜಾಗಟೆ, ಮೂಲೆ ಮನೆಯ ಅಜ್ಜಿಯ ಕೈಯಲ್ಲಿ ಪೂಜೆಯ ಗಂಟೆ. ಜನತಾ ಕರ್ಫ್ಯೂ ದಿನ ವೈದ್ಯರಿಗೆ, ದಾದಿಯರಿಗೆ ವಂದಿಸಲು ಊರಿಗೆ ಊರೇ ಬಾರಿಸುತ್ತಿದೆ. ಸುಮ್ಮನಿರುವವರು ಒಬ್ಬರೇ, ಜಗಲಿಯ ಮೇಲೆ ಕೂತ ಡೋಲಿನ ಯಜಮಾನರು.

“ದೊಡ್ಡಪ್ಪಾ, ನೀವೂ ಡೋಲು ತನ್ನಿ!” ಎದುರು ಮನೆ ಹುಡುಗ ಕೂಗುತ್ತಾನೆ.

“ತಾಂಬೂಲ ಕೊಟ್ಟಿದ್ದೀಯೇನ್ಲಾ?” ಯಜಮಾನರು ನಗುತ್ತಾರೆ. ಬೀದಿಯೂ ನಗುತ್ತದೆ.

ಹತ್ತಿರ ಹೋಗಿ ನೋಡಿ. ಅವರ ತೊಡೆಯ ಮೇಲೊಂದು ಡೈರಿ ಇದೆ. ವಾಲಗದವರ ಕರಾರೆಂದರೆ ಇಷ್ಟೇ: ತಾಂಬೂಲದಲ್ಲಿಟ್ಟು ಕೊಟ್ಟ ಅಡ್ವಾನ್ಸು, ಡೈರಿಯಲ್ಲೊಂದು ಸಾಲು. ದಿನ, ಊರು, ಛತ್ರ, ಮುಹೂರ್ತ. ಏಪ್ರಿಲ್, ಮೇ ಪುಟಗಳು ತುಂಬಿವೆ. ವರ್ಷದ ಅಕ್ಕಿ, ಮಕ್ಕಳ ಫೀಸು, ಕೈಸಾಲದ ಬಡ್ಡಿ ಎಲ್ಲವೂ ಆ ಎರಡು ತಿಂಗಳನ್ನೇ ನಂಬಿವೆ. ಆದರೆ ಮಾರ್ಚ್‌ ಪುಟದ ಸಾಲುಗಳ ಮೇಲೆ ಆಗಲೇ ಅಡ್ಡಗೆರೆ ಬಿದ್ದಿದೆ. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಖಚಿತವಾದ ಮರುದಿನ, ಮಾರ್ಚ್ 13ರಂದು, ಜನ ಸೇರುವ ಮದುವೆಗಳಿಗೆ ರಾಜ್ಯ ಸರ್ಕಾರ ತಡೆ ಹಾಕಿತ್ತು. ಇನ್ನು ಮೂರು ದಿನಕ್ಕೆ, ಯುಗಾದಿಯಂದೇ, ದೇಶಕ್ಕೆಲ್ಲ ಬೀಗ ಬೀಳಲಿದೆ.

ಫೋನು ಹೊಡೆದುಕೊಳ್ಳುತ್ತದೆ. “ಏನೂ ತಿಳ್ಕೋಬೇಡಿ ಯಜಮಾನ್ರೇ, ಮದ್ವೆ ಮುಂದಕ್ಕೋಯ್ತು. ಅಡ್ವಾನ್ಸ್ ವಾಪಸ್ ಕೊಟ್ಬುಡಿ.” ಆ ದುಡ್ಡು ಡೋಲಿಗೆ ಹೊಸ ಚರ್ಮ ಹಾಕಿಸಿದವರ ಕೈ ಸೇರಿ ವಾರವಾಗಿದೆ. “ಕೊಡೋಣ ಬುಡಿ,” ಎಂದು ಇನ್ನೊಂದು ಗೆರೆ ಎಳೆಯುತ್ತಾರೆ.

ಮೇ 6. ಅದೇ ಮನೆಯ ನಡುಮನೆ, ಟೀವಿ ಮುಂದೆ ಅಣ್ಣ ತಮ್ಮ ಇಬ್ಬರೂ ಇದ್ದಾರೆ. ಅಣ್ಣನದು ಡೋಲು, ತಮ್ಮನದು ನಾದಸ್ವರ. ಮುಹೂರ್ತವಿಲ್ಲದ ದಿನ ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರದ ತಮ್ಮ ಸಲೂನಿನಲ್ಲಿರುತ್ತಾರೆ. ಈ ಕಡೆಯ ಸವಿತಾ ಸಮಾಜದ ಎಷ್ಟೋ ಮನೆಗಳಲ್ಲಿ ಕತ್ತರಿ ಮತ್ತು ವಾಲಗ ಜೊತೆಯಾಗಿ ಬಂದ ಕಸುಬುಗಳು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಈ ಸಲ ಎರಡಕ್ಕೂ ಒಟ್ಟಿಗೇ ಬಾಗಿಲು ಬಿದ್ದಿದೆ.

ಟೀವಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿದ ಸುದ್ದಿ ಬರುತ್ತಿದೆ. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000. ಆಟೊ, ಟ್ಯಾಕ್ಸಿ ಓಡಿಸುವವರಿಗೆ 5,000. ಅಗಸರಿಗೆ, ಕ್ಷೌರಿಕರಿಗೆ 5,000. ಅಣ್ಣ ಉಸಿರುಬಿಡುತ್ತಾರೆ. ತಮ್ಮ ಇನ್ನೂ ಕಿವಿಗೊಟ್ಟೇ ಇದ್ದಾನೆ.

“ವಾಲಗ ಅಂದ್ರಾ ಅಣ್ಣ?”

“ಇಲ್ಲ ಕಣಪ್ಪ.”

ಮದುವೆಯ ಹೂವಿಗೆ ಲೆಕ್ಕವಿತ್ತು, ಮದುಮಗನನ್ನು ಕರೆತರುವ ಕಾರಿಗೆ ಲೆಕ್ಕವಿತ್ತು, ಅವನ ಗಡ್ಡ ಹೆರೆಯುವ ಕತ್ತಿಗೂ ಲೆಕ್ಕವಿತ್ತು. ಅಣ್ಣ ತಮ್ಮಂದಿರಿಗೆ ಕತ್ತರಿಯ ಕಡೆಯಿಂದ ಅರ್ಜಿ ಹಾಕುವ ದಾರಿಯಾದರೂ ಇದೆ. ತಂಡದಲ್ಲಿ ಇನ್ನೂ ನಾಲ್ವರಿದ್ದಾರೆ: ಎರಡನೇ ನಾದಸ್ವರ, ಎರಡನೇ ಡೋಲು, ತಾಳ, ಶ್ರುತಿ. ಅವರಿಗೆ ಸಲೂನಿಲ್ಲ.

ಜೂನ್ ನಡುಭಾಗ. ಆಷಾಢ ಕೂರುವುದಕ್ಕೆ ಮುಂಚಿನ ಕೊನೆಯ ಮುಹೂರ್ತಗಳು. ಛತ್ರದ ಬದಲು ಮನೆ ಮುಂದೆಯೇ ಚಪ್ಪರ ಹಾಕಿದ್ದಾರೆ. ಬಾಗಿಲಲ್ಲಿ ಪನ್ನೀರಿನ ಜಾಗಕ್ಕೆ ಸ್ಯಾನಿಟೈಸರ್ ಬಂದಿದೆ. ಹೆಣ್ಣಿನ ಸೋದರಮಾವ ಪಟ್ಟಿ ಹಿಡಿದು ನಿಂತಿದ್ದಾರೆ: ಐವತ್ತು ಜನ, ಅದಕ್ಕಿಂತ ಒಬ್ಬರು ಹೆಚ್ಚಾದರೂ ಕೇಸು. ಪುರೋಹಿತರು ಇಬ್ಬರು, ಅಡುಗೆಯವರು ಮೂವರು, ಫೋಟೊದವನೊಬ್ಬ. ಆರು ಜನ ವಾಲಗದವರು ಬಂದರೆ ಆರು ಜನ ನೆಂಟರು ಹೊರಗುಳಿಯಬೇಕು. ಹಾಗಾಗಿ ವಾಲಗ ಬಂದಿಲ್ಲ. ಕಂಬಕ್ಕೆ ಕಟ್ಟಿದ ಸ್ಪೀಕರು ಬಂದಿದೆ, ಅದಕ್ಕೆ ಸೇರಿಸಿದ ಮೊಬೈಲನ್ನು ಮದುಮಗಳ ಚಿಕ್ಕಪ್ಪನ ಮಗ ಹಿಡಿದಿದ್ದಾನೆ.

ಡೋಲಿನ ಯಜಮಾನರು ರಸ್ತೆಯ ಆಚೆ ಬದಿ, ಬೇವಿನ ಮರದ ಕೆಳಗಿದ್ದಾರೆ. ಈ ಮನೆಯ ಎರಡು ತಲೆಮಾರಿನ ಮದುವೆಗೆ ನುಡಿಸಿದವರು. ಅಕ್ಷತೆಗೆಂದು ಬಂದಿದ್ದಾರೆ, ಪಟ್ಟಿಯಲ್ಲಿಲ್ಲ. ಅವರ ಕಣ್ಣನ್ನು ಗಮನಿಸಿ. ಅದು ಮದುಮಕ್ಕಳ ಮೇಲಿಲ್ಲ, ಪುರೋಹಿತರ ಬಲಗೈ ಮೇಲಿದೆ. ವಾಲಗದವರ ಕಸುಬಿನ ಅರ್ಧ ಇರುವುದು ಆ ನೋಟದಲ್ಲೇ. ಮಂತ್ರಕ್ಕೆ ಅಡ್ಡಬಾರದಂತೆ ಸದ್ದು ತಗ್ಗಿಸಬೇಕು, ಧಾರೆಗೆ ಬಿಡಬೇಕು, ಕೈ ಎದ್ದ ಕ್ಷಣವೇ ಎಲ್ಲ ಬಿಟ್ಟು ಗಟ್ಟಿಮೇಳಕ್ಕೆ ಏರಬೇಕು. ಮಾಂಗಲ್ಯ ಕಟ್ಟುವಾಗ ಸೀನೋ ಕೆಮ್ಮೋ ಅಪಶಬ್ದವೋ ಕಿವಿಗೆ ಬೀಳದಿರಲಿ ಎಂದೇ ಆ ಅಬ್ಬರ. ಒಂದು ಸೀನಿಗೆ ಊರೇ ನಡುಗುವ ವರ್ಷದಲ್ಲಿ, ಅದನ್ನು ಮುಚ್ಚಬೇಕಾದ ಡೋಲು ಮನೆಯಲ್ಲಿದೆ.

ಕೈ ಎದ್ದಿತು. “ಗಟ್ಟಿಮೇಳ! ಗಟ್ಟಿಮೇಳ!”

ಹುಡುಗ ಗುಂಡಿ ಒತ್ತುತ್ತಾನೆ. ಸ್ಪೀಕರಿನಿಂದ ಮೊದಲು ಬಂದದ್ದು ಸೋಪಿನ ಜಾಹೀರಾತು. ಅದು ಮುಗಿದು ಡೋಲು ಬರುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿದೆ. ಐವತ್ತು ಜನ ನಗುತ್ತಾರೆ. ಮರದ ಕೆಳಗಿನ ಯಜಮಾನರ ಬೆರಳುಗಳು ಮಾತ್ರ ತೊಡೆಯ ಮೇಲೆ ಸರಿಯಾದ ಹೊತ್ತಿಗೇ ಶುರುವಾಗಿದ್ದವು.

ಆಮೇಲೆ ಪಂಚಾಂಗವೂ ಬಾಗಿಲು ಹಾಕಿತು. ಆಷಾಢ ಕಳೆದು ಶ್ರಾವಣದಲ್ಲಿ ಒಂದೆರಡು ಕರೆ ಬಂದವು. ಬೆನ್ನಿಗೇ ಪಿತೃಪಕ್ಷ. ಅದು ಮುಗಿಯಿತು ಅನ್ನುವಾಗ ಅಧಿಕ ಆಶ್ವಯುಜ, ಅಂದರೆ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ ಮತ್ತೊಂದು ತಿಂಗಳು ಖಾಲಿ.

ಆ ಖಾಲಿ ದಿನಗಳಲ್ಲೊಮ್ಮೆ ಬೆಳಗ್ಗೆ ಎಂಟಕ್ಕೆ ಕೆರೆಯ ಹೂಳೆತ್ತುವ ಕಡೆ ಬನ್ನಿ. ನರೇಗಾ ಕೆಲಸ, ದಿನಕ್ಕೆ 275 ರೂಪಾಯಿ. ಸನಿಕೆ ಹಿಡಿದ ಸಾಲಿನಲ್ಲಿ ಎರಡನೇ ಡೋಲಿನ ಹುಡುಗನಿದ್ದಾನೆ. ಬೊಕ್ಕೆ ಎದ್ದ ಅಂಗೈ ತೋರಿಸಿ, “ಬಲಗೈ ಬೆರಳು ಬಿರುಸಾಗೋದ್ರೆ ನಡೆ ಓಡಲ್ಲ ಅಣ್ಣ,” ಅನ್ನುತ್ತಾನೆ. ಸಂಜೆ ಅದೇ ಕೆರೆ ಏರಿಯ ಮೇಲೆ ಯಜಮಾನರ ತಮ್ಮ ನಾದಸ್ವರ ಊದುತ್ತಾನೆ. ಊದುವುದು ಬಿಟ್ಟರೆ ದಮ್ಮು ಹೋಗುತ್ತದೆ, ಬಾಯಿಗಿಡುವ ಜೊಂಡು ಒಣಗಿ ಸೀಳುತ್ತದೆ. ಬೀದಿಯಲ್ಲಿ ಊದಿದರೆ ಉಸಿರು ಹರಡುತ್ತದೆಂದು ನೆರೆಯವರ ಗೊಣಗಾಟ. ಮಾಸ್ಕ್ ಹಾಕಿ ಡೋಲು ಬಾರಿಸಬಹುದು. ನಾದಸ್ವರ ನುಡಿಸುವವನು ಮಾಸ್ಕ್ ಎಲ್ಲಿ ಹಾಕಿಕೊಳ್ಳಬೇಕು?

ಕಾರ್ತಿಕದಲ್ಲಿ ಡೈರಿ ಮತ್ತೆ ತೆರೆಯಿತು. ಛತ್ರದಲ್ಲಿ ಆರು ಜನರ ಬದಲು ಮೂವರು, ಹಳೆಯ ದರದ ಅರ್ಧ, ಆದರೂ ನುಡಿಸಿದರು. ಡಿಸೆಂಬರ್‌ನಲ್ಲಿ ಧನುರ್ಮಾಸ. ಸಂಕ್ರಾಂತಿ ಕಳೆದದ್ದೇ ಗುರು ಅಸ್ತ, ಅದರ ಹಿಂದೆಯೇ ಶುಕ್ರ ಅಸ್ತ. ಗ್ರಹಗಳ ಈ ಅಸ್ತವನ್ನು, ಅಂದರೆ ಮೌಢ್ಯವನ್ನು ನೋಡುವ ಮನೆಗಳಲ್ಲಿ 2021ರ ಏಪ್ರಿಲ್ ನಡುಭಾಗದವರೆಗೆ ಲಗ್ನವೇ ಇಲ್ಲ. ಮುಂದೂಡಿದ ಮದುವೆಗಳೆಲ್ಲ ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಬಂದು ಕೂತವು. ಶುಕ್ರ ಉದಯವಾಯಿತು. ಏಪ್ರಿಲ್ 27ರ ರಾತ್ರಿ ಕರ್ನಾಟಕಕ್ಕೆ ಮತ್ತೆ ಬೀಗ ಬಿತ್ತು.

ಮೇ ಕೊನೆಯಲ್ಲಿ, ಅಂಗಡಿಗಳು ತೆರೆದಿರುವ ಬೆಳಗಿನ ಹೊತ್ತಿನಲ್ಲಿ, ಪರಿಚಯದ ಕಂಪ್ಯೂಟರ್ ಹುಡುಗನ ಮುಂದೆ ಯಜಮಾನರು ಕೂತಿದ್ದಾರೆ. ಈ ಸಲದ 1,250 ಕೋಟಿಯ ಪ್ಯಾಕೇಜಿನಲ್ಲಿ ಕಲಾವಿದರಿಗೂ 3,000 ರೂಪಾಯಿ ಇದೆ.

“ಕಲಾವಿದರು ಅನ್ನೋದಕ್ಕೆ ದಾಖಲೆ ಏನಿದೆ ತಾತ? ಸರ್ಟಿಫಿಕೇಟು, ಕಾರ್ಯಕ್ರಮದ ಆಹ್ವಾನ ಪತ್ರಿಕೆ?”

ಯಜಮಾನರು ಚೀಲದಿಂದ ಫೋಟೊಗಳನ್ನು ತೆಗೆಯುತ್ತಾರೆ. ನೀವೂ ಬಗ್ಗಿ ನೋಡಿ. ನಡುವೆ ಮದುಮಕ್ಕಳು, ಸುತ್ತ ನೆಂಟರು. ಬಲತುದಿಯಲ್ಲಿ ಅರ್ಧ ಡೋಲು, ಒಂದು ಮೊಣಕೈ. ಇನ್ನೊಂದರಲ್ಲಿ ನಾದಸ್ವರದ ತುದಿ ಮಾತ್ರ. ಲಗ್ನಪತ್ರಿಕೆಯಲ್ಲಿ ಅತ್ತೆಯ ಮೊಮ್ಮಕ್ಕಳವರೆಗೆ ಹೆಸರುಗಳಿವೆ, ವಾಲಗದವರದಿಲ್ಲ. ಉಳಿದದ್ದು ಡೈರಿ. ಅದಕ್ಕೆ ಸಹಿಯಿಲ್ಲ, ಮೊಹರಿಲ್ಲ. ಹುಡುಗ ತಲೆಯಾಡಿಸಿ, ಆದರೂ ಒಂದು ಪುಟ ಸ್ಕ್ಯಾನ್ ಮಾಡಿಕೊಳ್ಳುತ್ತಾನೆ.

ಆ ಎರಡು ವರ್ಷ ಮದುವೆಗಳು ಪೂರ್ತಿ ನಿಲ್ಲಲಿಲ್ಲ. ಐವತ್ತು ಜನರಲ್ಲಿ ನಡೆದವು, ನಲವತ್ತು ಜನರಲ್ಲೂ ನಡೆದವು. ನಿಂತದ್ದು ವಾಲಗ. ಅದನ್ನು ರೋಗವೊಂದೇ ನಿಲ್ಲಿಸಲಿಲ್ಲ. ಪಟ್ಟಿ ಬರೆಯುವಾಗ ಮೊದಲು ಬಿಟ್ಟ ಹೆಸರು ಅವರದು, ಮನೆಯ ಪಟ್ಟಿಯಲ್ಲೂ ಸರ್ಕಾರದ ಪಟ್ಟಿಯಲ್ಲೂ. ಸರ್ಕಾರದ್ದನ್ನು ತಿದ್ದುವುದು ನಿಧಾನದ ಕೆಲಸ, ಮನೆಯದು ನಮ್ಮ ಕೈಯಲ್ಲೇ ಇದೆ. ಮುಂದಿನ ಮದುವೆಗೆ ವಾಲಗದವರನ್ನು ಒಪ್ಪಿಸುವಾಗ ಹೆಸರು ಕೇಳಿಕೊಳ್ಳಿ, ಲಗ್ನಪತ್ರಿಕೆಯಲ್ಲಿ ಒಂದು ಸಾಲು ಹಾಕಿಸಿ. ಕೊಟ್ಟ ದುಡ್ಡಿಗೆ ತಾರೀಖು, ಊರು ಬರೆದು ಸಹಿ ಮಾಡಿದ ಚೀಟಿಯೊಂದನ್ನು ಕೈಗಿಡಿ. ಇನ್ನೊಂದು ಕೆಟ್ಟ ವರ್ಷ ಬಂದರೆ, ತಾವು ಕಲಾವಿದರೆಂದು ತೋರಿಸಲು ಅವರ ಬಳಿ ಅದಾದರೂ ಇರುತ್ತದೆ.