ಮರೆಗುಳಿ ವ್ಯಾಖ್ಯಾನಕಾರ

ಗಮಕ ವಾಚನವನ್ನು ಕೇಳಿದವರೆಲ್ಲ ಬಲ್ಲರು: ಒಬ್ಬರು ಪದ್ಯವನ್ನು ಹಾಡುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಸಭೆಯಲ್ಲಿ ನೂರು ಮಂದಿ ಇದ್ದರೂ ಅರ್ಥ ಹೇಳುವುದು ಒಮ್ಮೆ ಮಾತ್ರ. ಇದಕ್ಕೆ ವ್ಯತಿರಿಕ್ತನಾದ ವ್ಯಾಖ್ಯಾನಕಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಬಳಿಗೆ ಕೇಳುಗರು ಒಬ್ಬೊಬ್ಬರಾಗಿ ಬರುತ್ತಾರೆ. ಪ್ರತಿಯೊಬ್ಬರಿಗೂ ಆತ ಗ್ರಂಥವನ್ನು ಮೊದಲ ಪುಟದಿಂದ ಬಿಚ್ಚಿ, ಸಂಧಿ ಬಿಡಿಸಿ, ಅನ್ವಯ ಮಾಡಿ, ಅರ್ಥ ಹೇಳಿ, ಕೇಳುಗ ಹೊಸಿಲು ದಾಟಿದೊಡನೆ ಎಲ್ಲವನ್ನೂ ಮರೆತುಬಿಡುತ್ತಾನೆ. ಅಂತರ್ಜಾಲದ ಅಸಂಖ್ಯ ತಾಣಗಳನ್ನು ನಡೆಸುತ್ತಿರುವ ಪಿ.ಎಚ್.ಪಿ. ಎಂಬ ಕಂಪ್ಯೂಟರ್ ಭಾಷೆಯ ಹುಟ್ಟುಗುಣ ಇದೇ.

ಕನ್ನಡ ಎಂ.ಎ. ಮಾಡಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಕಾಲೇಜಿನ ಪ್ರವೇಶ ಸಮಿತಿಯಲ್ಲಿ ಕನ್ನಡದ ಅಧ್ಯಾಪಕನಿಗೂ ಒಂದು ಕುರ್ಚಿ ಉಂಟು, ಪಟ್ಟಿಯಲ್ಲಿರುವ ಹೆಸರುಗಳ ಕಾಗುಣಿತ ತಿದ್ದುವುದಕ್ಕೆ. ಅಲ್ಲಿ ಕುಳಿತು, ಕಾಲೇಜಿನ ತಾಣವನ್ನು ನೋಡಿಕೊಳ್ಳುವ ತರುಣನ ಮಾತು ಕೇಳುತ್ತ ಕೇಳುತ್ತ ನನಗೂ ಇದರ ರುಚಿ ಹತ್ತಿತು.

ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬಾತ 1994ರಲ್ಲಿ ತನ್ನ ಸ್ವಂತ ಪುಟಕ್ಕೆಂದು ಬರೆದುಕೊಂಡ ಸಣ್ಣ ಸಲಕರಣೆಗಳು 1995ರಲ್ಲಿ ಲೋಕಕ್ಕೆ ದೊರೆತವು. ಮನೆಮಂದಿಯ ಮಟ್ಟಿಗಿನ ಅಡುಗೆಗೆ ಮರೆವಿನಿಂದ ನಷ್ಟವೇನು? ಲಾಭವೇ ಹೆಚ್ಚು. ಒಬ್ಬನಿಗೆ ಹೇಳುವಾಗ ಆದ ಎಡವಟ್ಟು ಮುಂದಿನವನಿಗೆ ಅಂಟುವುದಿಲ್ಲ. ಗ್ರಂಥದಲ್ಲಿ ಒಂದಕ್ಷರ ತಿದ್ದಿದರೆ ಮರುಕ್ಷಣ ಬಂದವನಿಗೆ ತಿದ್ದಿದ ಪಾಠವೇ ಸಿಗುತ್ತದೆ.

ತೊಂದರೆ ಬಂದದ್ದು ಜಾತ್ರೆ ನೆರೆದಾಗ. ಇಸ್ರೇಲಿನ ಹೈಫಾ ನಗರದ ಟೆಕ್ನಿಯನ್‌ನಲ್ಲಿ ಓದುತ್ತಿದ್ದ ಜೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಈ ಭಾಷೆಯ ಒಳಗನ್ನು ಹೊಸದಾಗಿ ಕಟ್ಟಿದರು. ತಮ್ಮಿಬ್ಬರ ಹೆಸರುಗಳನ್ನು ಬೆರೆಸಿ ಅವರು 'ಜೆಂಡ್' ಎಂದು ಕರೆದ ಯಂತ್ರ 2000ದ ನಾಲ್ಕನೆಯ ಆವೃತ್ತಿಯಲ್ಲಿ ಬಂದಿತು. ಅದು ಮೂಲಪಾಠವನ್ನು ಮೊದಲು ಚಿಕ್ಕ ಚಿಕ್ಕ ಆಜ್ಞೆಗಳಾಗಿ ಒಡೆದುಕೊಂಡು ಆಮೇಲೆ ನಡೆಸುತ್ತದೆ. ಒಡೆದ ಮೇಲೆ ಬಿಸಾಡುವುದೇಕೆ? ಎಲ್ಲರಿಗೂ ಸಾಮಾನ್ಯವಾದ ಸ್ಮೃತಿಯಲ್ಲಿ ಇಟ್ಟುಕೊಂಡರೆ ಮುಂದಿನವನಿಗಾಗಿ ಮತ್ತೆ ಸಂಧಿ ಬಿಡಿಸುವ ಶ್ರಮವಿಲ್ಲ. ಈ ಕೆಲಸ ಮಾಡುವ ಆಪ್‌ಕ್ಯಾಶ್ 2013ರಿಂದ, 5.5ನೆಯ ಆವೃತ್ತಿ ಮೊದಲ್ಗೊಂಡು, ಭಾಷೆಯ ಜೊತೆಯಲ್ಲೇ ಬರುತ್ತದೆ. ಮೂಲಪಾಠ ಬದಲಾಗಿದೆಯೇ ಎಂದು ಅದು, ಬೇರೆ ಅಪ್ಪಣೆಯಿಲ್ಲದಿದ್ದರೆ, ಎರಡು ಸೆಕೆಂಡಿಗೊಮ್ಮೆ ನೋಡಿಕೊಳ್ಳುತ್ತದೆ. ಇಷ್ಟು ಎಚ್ಚರವುಳ್ಳ ಸ್ಮೃತಿಗೆ ನನ್ನ ಆಕ್ಷೇಪಣೆಯಿಲ್ಲ.

ಆದರೆ ಆಸೆ ಅಲ್ಲಿಗೆ ನಿಲ್ಲುವುದಿಲ್ಲ. ಸಿದ್ಧವಾದ ಪುಟವನ್ನೇ ಇಡಿಯಾಗಿ ಎತ್ತಿಟ್ಟು ಬಂದವರ ಕೈಗೆಲ್ಲ ಅದನ್ನೇ ಕೊಟ್ಟರೆ ವ್ಯಾಖ್ಯಾನಕಾರ ಬಾಯಿ ತೆರೆಯಬೇಕಾಗಿಯೇ ಇಲ್ಲ! 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವೂ ಪಿ.ಎಚ್.ಪಿ.ಯದೇ, ಸುಮ್ಮನೆ ಓದಲು ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಹೀಗೆ ಎತ್ತಿಟ್ಟ ಪುಟ. ಯಾರಾದರೂ ಲೇಖನವನ್ನು ತಿದ್ದಿದರೆ ಹಳೆಯದನ್ನು ತೆಗೆದುಹಾಕುವ ಏರ್ಪಾಡು ಅಲ್ಲಿದೆ. ಆ ಏರ್ಪಾಡಿಲ್ಲದ ವೇಗ ಎಂಥದೆಂದು ನನಗೆ ಗೊತ್ತು. ಹದಿನೈದು ವರ್ಷದ ಹಿಂದಿನ ಟಿಪ್ಪಣಿಯನ್ನೇ ಓದಿಹೇಳುವ ಅಧ್ಯಾಪಕರನ್ನು ನಾನು ಕಂಡಿದ್ದೇನೆ. ಪಾಠ ಮುಗಿಸುವುದರಲ್ಲಿ ಅವರಿಗೆ ಸಾಟಿಯಿಲ್ಲ.

ನಮ್ಮ ತಾಣ ಹಿಂದೊಮ್ಮೆ ಪ್ರವೇಶದ ನೂಕುನುಗ್ಗಲಿಗೆ ಕುಸಿದಿತ್ತು. ಆದ್ದರಿಂದ ಕಳೆದ ವರ್ಷ ಗುತ್ತಿಗೆದಾರರು ಪ್ರತಿ ಪುಟವನ್ನೂ ಹನ್ನೆರಡು ಗಂಟೆ ಎತ್ತಿಡುವಂತೆ ವಿಧಿಸಿದ್ದರು. ಬೆಳಗ್ಗೆ ಒಂಬತ್ತಕ್ಕೆ ಆಯ್ಕೆಯ ಪಟ್ಟಿ ಪ್ರಕಟವಾಯಿತು. ಎರಡು ಹೆಸರು ಬಿಟ್ಟುಹೋದುದು ಕಚೇರಿಗೆ ತಿಳಿದು, ಹತ್ತೂವರೆಗೆ ತಿದ್ದಿದ ಪಟ್ಟಿ ಏರಿತು. ತಾಣ ಮಿಂಚಿನಂತೆ ತೆರೆಯುತ್ತಿತ್ತು. ಪ್ರಾಂಶುಪಾಲರು ಸಂತೋಷಪಟ್ಟರು. ಆದರೆ ಸಿಬ್ಬಂದಿಯೆಂದು ಗುರುತು ಹೇಳಿ ಒಳಹೊಕ್ಕ ನಮಗೆ ಮಾತ್ರ ಹೊಸ ಪಟ್ಟಿ. ಹೊರಗಿನ ಲೋಕಕ್ಕೆ ರಾತ್ರಿಯವರೆಗೂ ಹಳೆಯದೇ.

ಆ ಎರಡು ಹೆಸರುಗಳಲ್ಲಿ ಒಂದು, ಕನ್ನಡ ಐಚ್ಛಿಕ ಬಯಸಿದ್ದ ಹಳ್ಳಿಯ ಹುಡುಗಿಯದು. ಮಧ್ಯಾಹ್ನದೊಳಗೆ ಮೂರು ಸಲ ನೋಡಿದಳಂತೆ. ಸಂಜೆಯ ಬಸ್ಸು ತಪ್ಪೀತೆಂದು ಅವಳ ತಂದೆ ಮೂರು ಗಂಟೆಗೆ ಇನ್ನೊಂದು ಕಾಲೇಜಿನಲ್ಲಿ ಬಿ.ಕಾಂ.ಗೆ ಶುಲ್ಕ ಕಟ್ಟಿದರು. ಕಟ್ಟಿದ ಹಣ ಹಿಂದಿರುಗಲಿಲ್ಲ.

ತರುಣ ಈಗ ಪುಟದ ಆಯುಷ್ಯವನ್ನು ಐದು ನಿಮಿಷಕ್ಕೆ ಇಳಿಸಿದ್ದಾನೆ. ಪಟ್ಟಿ ತಿದ್ದಿದೊಡನೆ ಹಳೆಯದು ತಾನಾಗಿ ಅಳಿಯುತ್ತದೆ. ಈ ವರ್ಷ ತಾಣ ಕೊಂಚ ನಿಧಾನವಾಯಿತೆಂದು ಸಮಿತಿಯಲ್ಲಿ ಗೊಣಗಾಟ ಕೇಳಿಬಂತು. ಹುಡುಗಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಆಗಾಗ ಗೆಳತಿಯ ಕೈಯಲ್ಲಿ ನಮ್ಮ ಗ್ರಂಥಾಲಯದಿಂದ ಕಾದಂಬರಿಗಳನ್ನು ತರಿಸಿಕೊಳ್ಳುತ್ತಾಳೆ.