ಕಾಳಿ ನದಿಗೆ ಹುಟ್ಟು ಹಾಕಿದ ದಿನ



ಹೋದ ಭಾನುವಾರ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗಿದ್ದೆ. ಧರಣಿ ಅಲ್ಲ, ಸಭೆ ಅಲ್ಲ, ಮನವಿ ಕೊಡೋದೂ ಇರಲಿಲ್ಲ. ಮಗಳ ಹಟಕ್ಕೆ ಕಯಾಕ್ ದೋಣಿಯಲ್ಲಿ ಕೂರಲು ಹೋಗಿದ್ದೆ. ಫೋಟೋ ನೋಡಿದ ಸಂಗಾತಿಯೊಬ್ಬರು "ಏನ್ ಅಕ್ಕಾರ, ಚಳವಳಿ ಬಿಟ್ಟು ಮೋಜಿಗೆ ಇಳಿದ್ರಿ?" ಅಂದ್ರು. ನಗುತ್ತಲೇ ಅಂದದ್ದು. ಆದರೂ ಉತ್ತರ ಬರೀಬೇಕು ಅನ್ನಿಸಿತು. ಅದನ್ನ ನಮ್ಮೂರ ಹೊಳೆಯಿಂದಲೇ ಶುರು ಮಾಡಬೇಕು.

ನಮ್ಮದು ಹಾನಗಲ್ ತಾಲ್ಲೂಕಿನ ವರದಾ ದಂಡೆಯ ಹಳ್ಳಿ. ಹೊಳೆಯೊಳಗೂ ಊರು-ಕೇರಿ ಇತ್ತು. ಮೇಲಿನ ಮಡು ಊರವರದು. ಅದರ ಕೆಳಗೆ ದನದ ಮೈ ತೊಳೆಯೋರು. ಅದಕ್ಕೂ ಕೆಳಗೆ ನಾವು. ಬ್ಯಾಸಗಿಯಲ್ಲಿ ಹೊಳೆ ಬತ್ತಿದರೆ ಊರ ಬಾವಿಯೇ ಗತಿ. ಅವ್ವ ಕಟ್ಟೆಯಿಂದ ದೂರ ಕೊಡ ಇಟ್ಟುಕೊಂಡು ನಿಲ್ಲೋಳು. ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿಯಬೇಕು. "ಯವ್ವಾ, ಒಂದ್ ಕೊಡ ಹಾಕ್ರಿ" ಅನ್ನೋ ಅವಳ ದನಿ ಇನ್ನೂ ಕಿವಿಯಾಗ ಐತಿ. ಮೇಲಿನ ಮಡುವಿಗೆ ಇಳಿದ ನಮ್ಮ ಕೇರಿ ಹುಡುಗರನ್ನ ಕಲ್ಲು ಬೀರಿ ಎಬ್ಬಿಸಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಹೊಳೆ ದಂಡೆಯಲ್ಲೇ ಬೆಳೆದರೂ ನನಗೆ ಈಜು ಬರೋದಿಲ್ಲ.

ಕಾನೂನು ಇರಲಿಲ್ಲ ಅಂತಲ್ಲ. 1923ರಲ್ಲೇ ಎಸ್.ಕೆ. ಬೋಲೆಯವರ ಠರಾವು ಮುಂಬೈ ವಿಧಾನ ಪರಿಷತ್ತಿನಲ್ಲಿ ಪಾಸಾಗಿತ್ತು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ. ಸವಣೂರು ನವಾಬರ ಸಂಸ್ಥಾನ ಆಗಿತ್ತು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಸೀಮೆ ಧಾರವಾಡ ಜಿಲ್ಲೆಯ ಜೊತೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅಂದರೆ ನಮ್ಮಜ್ಜಿ ಕಾಲಕ್ಕೇ ಕಾಗದದ ಮೇಲೆ ನೀರು ನಮ್ಮದಾಗಿತ್ತು! ಅದೇ ಕಾಗದವನ್ನ ನಿಜ ಮಾಡಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಸವರ್ಣೀಯರು ಕೆರೆಯನ್ನ ಶುದ್ಧಿ ಮಾಡಿಸಿದರು, ಕೋರ್ಟಿಗೂ ಹೋದರು. ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಹಿಂಗಾಗಿ ನಮಗೂ ನೀರಿಗೂ ಇರೋದು ಅರ್ಜಿಯ ಸಂಬಂಧ. ನಾನೇ ಗುಮಾಸ್ತೆ. ಬೋರ್‌ವೆಲ್, ನಲ್ಲಿ, ಟ್ಯಾಂಕರ್ ಅಂತ ಕೇರಿಯವರಿಗೆ ಬರೆದುಕೊಟ್ಟ ಅರ್ಜಿಗಳಿಗೆ ಲೆಕ್ಕ ಇಲ್ಲ. ಇದೇ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದ ಬಂಧುಗಳು ಇದ್ದ ಮನೆ ಉಳಿಸಿಕೊಳ್ಳಲು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇಂಥ ನೆಲದವರಿಗೆ ಒಂದು ದಿನದ ಖುಷಿಯೂ ತಪ್ಪು ಮಾಡಿದಂಗ ಅನ್ನಿಸ್ತದ. ನನಗೂ ಬಸ್ಸು ಯಲ್ಲಾಪುರ ದಾಟೋವರೆಗೂ ಹಂಗೇ ಅನ್ನಿಸ್ತಿತ್ತು.

ದಂಡೆಯಲ್ಲಿ ಚಹಾ ಕುಡಿಯುವಾಗ ನಮ್ಮ ಕಡೆಯವರೇ ಒಬ್ಬರು ಮಾತಿಗೆ ಸಿಕ್ಕರು. ಊರು ಕೇಳಿದರು, ನೌಕರಿ ಕೇಳಿದರು. ಆಮೇಲೆ ಬಂತು, "ಅಡ್ಡಹೆಸರು ಏನ್ರಿ?" ಹೇಳಿದೆ. "ಓ, ಹೌದ್ರಿ?" ಅಂದು ಮೊಬೈಲ್ ನೋಡತೊಡಗಿದರು. ಅವರ ಮನಸ್ಸಿನಾಗ ಏನಿತ್ತೋ ಗೊತ್ತಿಲ್ಲ. ನನ್ನ ಮೈ ಮಾತ್ರ ಬಾವಿಕಟ್ಟೆ ಹತ್ತಿರ ಬಿಗಿಯಾಗ್ತಿದ್ದಂಗ ಬಿಗಿಯಾಯಿತು.

ಲೈಫ್ ಜಾಕೆಟ್ ಕಟ್ಟಿಕೊಂಡು ಮಗಳ ಮುಂದೆ ಕೂತೆ. ಮೊದಲರ್ಧ ಗಂಟೆ ದೋಣಿ ಗಾಣದೆತ್ತಿನಂಗ ಸುತ್ತಿತು. ಹುಟ್ಟು ಎಡಕ್ಕೆ ಹಾಕಿದರೆ ಬಲಕ್ಕೆ ಹೋಗ್ತದ ಅನ್ನೋದು ಕೈಗೆ ಹತ್ತಿದ ಮೇಲೆ ಸರಿಹೋಯಿತು. ಹೆಸರು ಕಾಳಿ, ನೀರು ಮಾತ್ರ ತಿಳಿ. ದಂಡೆ ಹತ್ತಿರ ತಳದ ಕಲ್ಲು, ಮೀನು ಕಾಣ್ತಿದ್ದವು. ಮಿಂಚುಳ್ಳಿಯೊಂದು ನೀಲಿ ಗೆರೆ ಎಳೆದಂಗ ಹಾರಿತು. ಬಂಡೆ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ತಿತ್ತು. ತಲೆ ಮೇಲೆ ಬುಸ್ ಬುಸ್ ಅಂತ ಸದ್ದಾಯಿತು. ನೋಡಿದರೆ ಮಂಗಟ್ಟೆ! ದೊಡ್ಡ ಹಳದಿ ಕೊಕ್ಕಿನ ಗಂಡು, ಬಾಯಲ್ಲಿ ಹಣ್ಣು. ಮರಿ ಮಾಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ತದ, ಸಣ್ಣ ಸೀಳೊಂದನ್ನೇ ಬಿಡ್ತದ, ಗಂಡು ತಂದು ಉಣಿಸಬೇಕು ಅಂತ ಗೈಡ್ ಹುಡುಗ ಹೇಳಿದ. "ಮೊಸಳೆ ಐತೇನಪ್ಪ?" ಅಂದೆ. "ಅವು ಕೆಳಗೆ ದಾಂಡೇಲಿ ಹತ್ತಿರ ಮೇಡಂ, ಹುಟ್ಟು ಹಾಕಿ" ಅಂದ.

ಆ ಹುಡುಗ ಕುಣಬಿ. "ನಮ್ಮ ಅಜ್ಜನ ಮನೆ ಡ್ಯಾಮಿನ ಆಚೆ ನೀರಿನ ಕೆಳಗಿದೆ. ಈಗ ನಾವು ರಾಮನಗರ" ಅಂದ, ದಾರಿ ಹೇಳಿದಷ್ಟು ಸಲೀಸಾಗಿ. ಸೂಪಾ ಅಣೆಕಟ್ಟೆಗೆ ಹಳೇ ಸೂಪಾ ಊರೇ ಮುಳುಗಿತು. ನಮ್ಮ ದೋಣಿ ತೇಲುತ್ತಿದ್ದದ್ದು ಅಲ್ಲಿಂದ ಕರೆಂಟಿಗೆ ಬಿಟ್ಟ ನೀರಿನ ಮೇಲೆ. ಜೋಯಿಡಾದ ಕುಣಬಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಇಂದಿಗೂ ಕೇಳ್ತಾನೇ ಇದ್ದಾರೆ. ತಿಳಿನೀರಿನ ಕೆಳಗೂ ಯಾರದೋ ಮನೆ ಇರ್ತದ ಅನ್ನೋದನ್ನ ನಾವು ಮರೀಬಾರದು.

ವಾಪಸ್ ಬರುವಾಗ ಹುಟ್ಟು ಮಡಿಲಲ್ಲಿಟ್ಟು ಬಗ್ಗಿ ಒಂದು ಬೊಗಸೆ ನೀರು ಕುಡಿದೆ. ಯಾರನ್ನೂ ಕೇಳಲಿಲ್ಲ, ಯಾರೂ ಸುರಿಯಲಿಲ್ಲ. "ಮಮ್ಮಿ, ಬಾಟಲಿ ನೀರು ಐತಲ್ಲ?" ಅಂದಳು ಮಗಳು. ಅವಳಿಗೆ ಅರ್ಥ ಆಗಲಿಲ್ಲ. ಆಗದಿದ್ದದ್ದೇ ನನಗೆ ಸಮಾಧಾನ.

ಸಂಗಾತಿಗೆ ನನ್ನ ಉತ್ತರ ಇಷ್ಟೇ: ಕುಡಿಯೋ ನೀರು ಕೇಳಿದ ನಾವು ಈಜೋ ನೀರನ್ನೂ ಕೇಳಬೇಕು. ನಮ್ಮ ಮಕ್ಕಳು ಹಕ್ಕಿ ಹೆಸರು ಕಲೀಲಿ, ಹೊಳೆಗೆ ಹೆದರದೆ ಇಳೀಲಿ. ಇದೂ ಚಳವಳಿಯೇ.

ಹೊಳೆಯಲ್ಲಿ ನೀರಿರೋವಾಗಲೇ ಕೇರಿ ಮಕ್ಕಳಿಗೆ ಈಜು ಕಲಿಸಬೇಕು ಅಂತ ಮಾಡೀವಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಚೆನ್ನಾಗಿ ಈಜು ಬಲ್ಲವರು ಇದ್ದರೆ ಬರ್ರಿ. ಲೈಫ್ ಜಾಕೆಟ್ ಖರ್ಚು ನನ್ನದು. ಮೊದಲು ಕಲಿಯೋಳೂ ನಾನೇ.

ಜಾಗ: ನಮ್ಮೂರ ಹೊಳೆಯ ಮೇಲಿನ ಮಡು.

ಜೈ ಭೀಮ್.