ಎರಡು ಸೂಜಿ, ಒಂದು ಸಂಸಾರ

ಬೊಜ್ಜು ಬಂದವರನ್ನು ಕಂಡರೆ ಉಪದೇಶ ಮಾಡುವುದು ನಮ್ಮವರ ಹುಟ್ಟುಗುಣ. "ಅನ್ನ ಬಿಡಿ, ಬೆಳಿಗ್ಗೆ ನಡೆಯಿರಿ, ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ" ಎನ್ನದ ಬಂಧುವಿಲ್ಲ. ನಮ್ಮಾಕೆ ಇದನ್ನೆಲ್ಲ ಆರು ವರ್ಷ ನಿಷ್ಠೆಯಿಂದ ಮಾಡಿದಳು. ಆದರೂ ಐದಡಿ ಎರಡಂಗುಲದ ಎತ್ತರಕ್ಕೆ ತೂಕ 84 ಕಿಲೋ. ಜೊತೆಗೆ ರಕ್ತದೊತ್ತಡ, ಮೊಣಕಾಲು ನೋವು. ಮುಂಬಯಿಯಲ್ಲಿ ಲೋಕಲ್ ಸ್ಟೇಷನ್ನಿನ ಮೆಟ್ಟಿಲು ಹತ್ತಲಾರದವರ ಬದುಕು ಮನೆಯೊಳಗೇ ಮುಗಿಯುತ್ತದೆ. ಕೊನೆಗೆ ವೈದ್ಯರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಎರಡು ಔಷಧಗಳನ್ನು ಹೇಳಿ, "ಯೋಚಿಸಿ ಬನ್ನಿ" ಎಂದರು. ಕಚೇರಿಯ ಕಡತಗಳಡಿಯಲ್ಲಿ ಇಷ್ಟು ವರ್ಷ ಮಲಗಿದ್ದ ನಮ್ಮ ಬಿ.ಎಸ್ಸಿ.ಯನ್ನು ಎಬ್ಬಿಸಬೇಕಾಯಿತು.

ಮೊದಲನೆಯದು ಸೆಮಾಗ್ಲುಟೈಡ್. ತೂಕ ಇಳಿಸುವುದಕ್ಕೆಂದು ವೆಗೋವಿ ಎಂಬ ಹೆಸರಿನಲ್ಲಿ 2025ರ ಜೂನ್ ತಿಂಗಳಲ್ಲಿ ಭಾರತಕ್ಕೆ ಬಂತು. ಎರಡನೆಯದು ಟಿರ್ಜೆಪಟೈಡ್, ಮೌಂಜಾರೋ ಎಂಬ ಹೆಸರಿನಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಬಂದಿತ್ತು. ಊಟವಾದೊಡನೆ ನಮ್ಮ ಕರುಳು ಜಿ.ಎಲ್.ಪಿ.-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. "ಸಾಕು" ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ದೂತ ಅದು. ಸೆಮಾಗ್ಲುಟೈಡ್ ಈ ದೂತನ ವೇಷ ಹಾಕುತ್ತದೆ; ಟಿರ್ಜೆಪಟೈಡ್ ಜಿ.ಐ.ಪಿ. ಎಂಬ ಇನ್ನೊಬ್ಬ ದೂತನ ವೇಷವನ್ನೂ ಸೇರಿಸಿ ದ್ವಿಪಾತ್ರ ಮಾಡುತ್ತದೆ.

ಇವೆರಡರಲ್ಲಿ ಯಾವುದು ಮೇಲು? 2025ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಸಕ್ಕರೆ ಕಾಯಿಲೆಯಿಲ್ಲದ 751 ಸ್ಥೂಲಕಾಯರಿಗೆ ಎರಡರಲ್ಲೊಂದನ್ನು 72 ವಾರ ಕೊಟ್ಟರು. ಟಿರ್ಜೆಪಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ. 20.2ರಷ್ಟು ಇಳಿಯಿತು, ಸೆಮಾಗ್ಲುಟೈಡ್ ತೆಗೆದುಕೊಂಡವರದು ಶೇ. 13.7. ನಮ್ಮಾಕೆಯ ತೂಕಕ್ಕೆ ಲೆಕ್ಕ ಹಾಕಿದರೆ ಒಂದರಲ್ಲಿ 17 ಕಿಲೋ, ಇನ್ನೊಂದರಲ್ಲಿ ಹನ್ನೊಂದೂವರೆ. ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ಇಲ್ಲಿಗೇ ಫಲಿತಾಂಶ ಹೇಳಿ ಏಳಬಹುದಿತ್ತು.

ಆದರೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಭಾಗ ಮರಳಿ ಬಂದಿತ್ತೆಂದು 2022ರಲ್ಲಿ ಪ್ರಕಟವಾದ ವರದಿ ಹೇಳಿತು. ಟಿರ್ಜೆಪಟೈಡ್ ನಿಲ್ಲಿಸಿದವರ ಕತೆಯೂ ಹೆಚ್ಚುಕಡಿಮೆ ಅದೇ. ಅಂದರೆ ಇದು ಜ್ವರದ ಮಾತ್ರೆಯಲ್ಲ, ರಕ್ತದೊತ್ತಡದ ಮಾತ್ರೆಯ ಜಾತಿ. ಆರು ತಿಂಗಳು ಸಾಲ ಮಾಡಿ ಚುಚ್ಚಿಸಿ ಏಳನೆಯ ತಿಂಗಳು ಕೈಬಿಟ್ಟರೆ, ತೂಕ ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಹಣ ಮಾತ್ರ ಬರುವುದಿಲ್ಲ.

ಬಂದ ಹೊಸದರಲ್ಲಿ ಮೌಂಜಾರೋದ ಅತಿ ಸಣ್ಣ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ, ತಿಂಗಳಿಗೆ 14,000. ವೆಗೋವಿಯ ಆರಂಭದ ಪ್ರಮಾಣಕ್ಕೆ ತಿಂಗಳಿಗೆ 17,345 ಇದ್ದದ್ದು 2025ರ ನವೆಂಬರಿನಲ್ಲಿ 10,850ಕ್ಕೆ ಇಳಿಯಿತು. ಎರಡರಲ್ಲೂ ಪ್ರಮಾಣ ಏರಿದಂತೆ ಬೆಲೆಯೂ ಏರುತ್ತದೆ. ಗುಮಾಸ್ತರ ಸಂಬಳದಲ್ಲಿ ಮನೆಯ ಕಂತು, ಮಗಳ ಕಾಲೇಜಿನ ಫೀಸು ಕಳೆದ ಮೇಲೆ ಉಳಿಯುವ ಹಣವೆಷ್ಟೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ರಾತ್ರಿ ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಕುಳಿತೆವು. ನಮ್ಮಾಕೆ ಅಂಕಿಗಳನ್ನೆಲ್ಲ ನೋಡಿ, "ಹದಿನೇಳು ಕಿಲೋ ಇಳಿಸಿ ನಡುವೆ ನಿಲ್ಲಿಸೋದಕ್ಕಿಂತ, ಹನ್ನೊಂದು ಇಳಿಸಿ ಹಾಗೇ ಉಳಿಸಿಕೊಳ್ಳೋದು ಮೇಲಲ್ವೇನ್ರೀ?" ಎಂದಳು. ನಮ್ಮ ಶೇಕಡಾ ಲೆಕ್ಕಕ್ಕೆ ಹೊಳೆಯದ ಮಾತು ಅದು.

ವೈದ್ಯರೂ ಒಪ್ಪಿದರು. ಮನೆತನದಲ್ಲಿ ಮೆಡುಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತೇ ಎಂದು ವಿಚಾರಿಸಿ, ಸೆಮಾಗ್ಲುಟೈಡನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಮೊದಲ ವಾರಗಳಲ್ಲಿ ಓಕರಿಕೆ, ಆಮೇಲೆ ಮಲಬದ್ಧತೆ. ಎರಡು ಔಷಧಗಳಲ್ಲೂ ಈ ಕಾಟವುಂಟು. ಪ್ರಮಾಣವನ್ನು ನಿಧಾನವಾಗಿ ಏರಿಸುವುದು ಅದಕ್ಕಾಗಿಯೇ. ನಾಲ್ಕು ತಿಂಗಳಲ್ಲಿ 5 ಕಿಲೋ ಇಳಿದಿದೆ. ಕೊಬ್ಬಿನೊಡನೆ ಸ್ನಾಯುವೂ ಕರಗುವುದರಿಂದ ಹೆಸರುಬೇಳೆ ಕೋಸಂಬರಿ, ಮೊಸರು, ಮೊಳಕೆಕಾಳು ತಪ್ಪುವಂತಿಲ್ಲ; ದಿನದ ವ್ಯಾಯಾಮವೂ ತಪ್ಪುವಂತಿಲ್ಲ.

ಈಗ ಸಂಘದ ಪರಿಚಿತರು ಫೋನು ಮಾಡಿ, "ಯಾವ ಸೂಜಿ ಒಳ್ಳೇದು?" ಎಂದು ಕೇಳುತ್ತಾರೆ. ವೈದ್ಯರ ಚೀಟಿಯಿಲ್ಲದೆ ಯಾವುದೂ ಬೇಡ, ನೆರೆಯವರ ಪೆನ್ನಿನಿಂದ ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ ಎನ್ನುತ್ತೇವೆ. ಆಮೇಲೆ ನಾವೇ ಕೇಳುವ ಪ್ರಶ್ನೆ ಒಂದು: ಮೂರು ವರ್ಷದ ಖರ್ಚು ಬರೆದು ನೋಡಿದಿರಾ?